ನಾಲ್ಕು ಕಾಲೂ ನೆಲದ ಮೇಲೆ

ಇಟ್ಟಿಗೆಗೂಡಿನ ನಮ್ಮ ಮನೆಗೆ
ರಾತ್ರಿ ಝೂ ಕಡೆಯಿಂದ ಸಿಂಹದ ದನಿ ಬರುತ್ತದೆ.
ಕಡ್ಲೆ ಕಿವಿ ನಿಮಿರಿಸಿ ಕೇಳಿ
ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ಸರಿಯುತ್ತಾನೆ.
ಹಗಲು ಮಾತ್ರ ಅವನೇ ಸಿಂಹ.
ಅಲ್ಲ, ಸಿಂಹಕ್ಕೆ ಗಾಂಭೀರ್ಯ ಇರುತ್ತದೆ;
ಇವನು ಬಿಸಿ ಮರಳಿಗೆ ಬಿದ್ದ ಕಡ್ಲೆಯೇ,
ಗೇಟು ಕಿರ್ ಅಂದರೆ ಸಾಕು
ಸಿಡಿಯುತ್ತಾನೆ.

ನನ್ನದು ಹೊಲಿಗೆ. ವರಾಂಡದಲ್ಲೇ ಮಿಷನ್ನು.
ಬರುವವರೆಲ್ಲ ರೇಷ್ಮೆ ಹಿಡಿದೇ ಬರುವವರು.
ಅವನ ಲೆಕ್ಕದಲ್ಲಿ ಅವರೆಲ್ಲ
ಅವನನ್ನು ನೋಡಲಿಕ್ಕೇ ಅಷ್ಟು ದೂರದಿಂದ ಬಂದವರು.
ಎದೆಗೆ ಎರಡು ಕಾಲು, ಗಲ್ಲಕ್ಕೆ ಒಂದು ನಾಲಿಗೆ.
ಸರ್ವಮಂಗಳಾ ಟೀಚರ ಕೆನೆಬಣ್ಣದ ಸೀರೆಯ ಮೇಲೆ
ಕೆಮ್ಮಣ್ಣಿನ ಎರಡು ಹೂ ಅಚ್ಚಾದ ದಿನ
ನಾನೇ ಒಗೆದೆ, ಇಸ್ತ್ರಿ ಮಾಡಿದೆ,
ಬ್ಲೌಸಿನ ಕೂಲಿ ಬಿಟ್ಟೆ.
"ಪ್ರೀತಿ ಜಾಸ್ತಿ ಅವನಿಗೆ, ಅಷ್ಟೇ" ಅಂದರು ಪಾಪ.
ಮತ್ತೆ ಬರಲಿಲ್ಲ.

ಟಾಂಗಾ ಸ್ಟ್ಯಾಂಡಿನ ಜಬ್ಬಾರ್ ಸಾಬರು
ಕುದುರೆಗೆ ಹುಲ್ಲು ಉದುರಿಸುತ್ತಲೇ ಹೇಳಿದರು:
"ಬೈಬೇಡಿ ಅಕ್ಕ, ಬೈಯೋದೂ ಅವನಿಗೆ ಮಾತೇ.
ತಳ್ಳಬೇಡಿ, ಅದೂ ಆಟವೇ.
ಬೆನ್ನು ಹಾಕಿ ನಿಂತುಬಿಡಿ, ಕಣ್ಣು ಕೊಡಬೇಡಿ.
ನಾಲ್ಕು ಕಾಲೂ ನೆಲಕ್ಕೆ ಬಂದ ಗಳಿಗೆ
ಬಗ್ಗಿ ತಲೆ ಸವರಿ.
ಮನೇಲಿ ಎಲ್ಲರೂ ಒಂದೇ ಥರ ಇರಬೇಕು,
ಅಷ್ಟೇ ಕಷ್ಟ."

ಅಷ್ಟೇ ಕಷ್ಟ!
ಉಪ್ಪಿಟ್ಟಿಗೆ ಸಕ್ಕರೆ ಬೇಕೋ ಬೇಡವೋ ಎಂಬುದಕ್ಕೇ
ಎರಡು ಪಕ್ಷ ಇರುವ ಮನೆ.
ಇವರು ಸಂಜೆ ಚಪ್ಪಲಿ ಬಿಡುವ ಮೊದಲೇ
"ಬಾರೋ ನನ್ನ ರಾಜ" ಎಂದು ತೋಳು ಚಾಚಿ
ಮೂರು ದಿನದ ನನ್ನ ಪಾಠವನ್ನು
ಕಚ್ಚಾ ಹೊಲಿಗೆ ಬಿಚ್ಚಿದ ಹಾಗೆ
ಒಂದೇ ಎಳೆತಕ್ಕೆ ಬಿಚ್ಚುತ್ತಾರೆ.

ನಾನು ಬೆನ್ನು ಹಾಕಿ ನಿಂತೆ.
ಎದುರಿಗೆ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು,
ಅದರಡಿಗೆ ಹೋದ ವರ್ಷದ್ದು.
ಹಿಂದೆ ಅವನು ಹಾರಿದ, ಸೊಂಟಕ್ಕೆ ತಗುಲಿದ,
ಸೆರಗು ಎಳೆದ, ಕುಂಯ್ ಅಂದ.
ಆಮೇಲೆ ಸುಮ್ಮನಾದ.

ಆ ಸುಮ್ಮನಾಗುವುದು ನನಗೆ ಗೊತ್ತು.
ಸರಸ್ವತೀಪುರಂ ಛತ್ರದಲ್ಲಿ ಊಟದ ಬಾಗಿಲ ಹತ್ತಿರ
ಅಕ್ಕ ಭ್ರಮರಾಂಬ ನನ್ನನ್ನು ಕಂಡು
ಹೀಗೇ ಗೋಡೆ ಕಡೆ ತಿರುಗಿದ್ದಳು.
ಅಮ್ಮನ ಎರಡೆಳೆ ಸರ, ಅದರ ಮಾತು ಬೇಡ.
ಎತ್ತಿದ್ದ ಕೈಯನ್ನು ಏನು ಮಾಡುವುದು ತಿಳಿಯದೆ
ಕೂದಲು ಸರಿಮಾಡಿಕೊಂಡೆ.

ತಿರುಗಿ ನೋಡಿದೆ. ನಾಲ್ಕು ಕಾಲೂ ನೆಲದ ಮೇಲೆ.
ಬಗ್ಗಿ ತಲೆ ಸವರಿದೆ,
ಸಾಬರು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು.

ಎರಡು ತಿಂಗಳು.
ಪೇಪರ್ ಹುಡುಗ ಇಮ್ತಿಯಾಜ್ ಒಂದು ಹಿಡಿ ಕಡಲೆಕಾಯಿಗೆ
ದಿನಾ ಹತ್ತು ಸಲ ಗೇಟು ತೆಗೆದು ಒಳಗೆ ಬಂದ,
ಹತ್ತು ಸಲ ಹೊಸಬನಾದ.
ಈಗ ಕೂರುತ್ತಾನೆ.
ಹಾರುವುದು ಬಿಟ್ಟಿಲ್ಲ, ಒಳಗೇ ಹಾರುತ್ತಾನೆ:
ಭುಜದ ಚರ್ಮ ನಡುಗುತ್ತದೆ,
ಬಾಲ ನೆಲದ ದಾರದ ಚೂರನ್ನೆಲ್ಲ ಗುಡಿಸುತ್ತದೆ.

ಕಾರ್ತೀಕದ ಒಂದು ಸಂಜೆ ಗೇಟು ಕಿರ್ ಅಂದಿತು.
ಕಡುನೀಲಿ ಸೀರೆ, ಕೈಯಲ್ಲೊಂದು ಬ್ಲೌಸ್ ಪೀಸು.
"ಬೇರೆ ಟೈಲರು ತೋಳು ಕೆಡಿಸ್ತಾನೆ" ಅಂದಳು ಅಕ್ಕ,
ಮೊನ್ನೆ ತಾನೆ ಬಂದು ಹೋದವಳ ಹಾಗೆ.

ಕಡ್ಲೆ ಕೂತ.
ಜಬ್ಬಾರ್ ಸಾಬರು ನೋಡಬೇಕಿತ್ತು, ಕಲ್ಲಿನ ಹಾಗೆ ಕೂತ.
ಮಿಷನ್ನು ದಾಟಿ, ಕತ್ತರಿ ಬೀಳಿಸಿ
ಹಾರಿದ್ದು ನಾನು.

ಕಾಫಿ ಆಯಿತು, ಅಳತೆ ಆಯಿತು.
ಸೊಂಟ ಒಂದೂವರೆ ಇಂಚು ಹೆಚ್ಚಿದೆ, ನಕ್ಕೆವು.
ಸರದ ಮಾತು ಇಬ್ಬರೂ ಎತ್ತಲಿಲ್ಲ.
ಅವಳು ಆಟೋ ಹತ್ತಲು ಬಗ್ಗಿದಾಗ ಕಂಡಿತು,
ಕಡುನೀಲಿಯ ಬೆನ್ನ ಮೇಲೆ
ಸೀಮೆಸುಣ್ಣದ ನನ್ನ ಹತ್ತು ಬೆರಳು.
ಹೇಳೋಣ ಅಂತ ಬಾಯಿ ತೆರೆದೆ.
ಆಟೋ ತಿರುವು ದಾಟಿತ್ತು.